ಧ್ಯಾನಕ್ಕೆ ಕನಸೇ ಸಾಕ್ಷಿ

ಧ್ಯಾನ ಇಂದು ಸುಲಭವಾಗಿ ಕೊಳ್ಳಬಹುದಾದ ಸರಕಾಗಿದೆ. ಮೊಬೈಲ್‌ನಲ್ಲಿ ಅದಕ್ಕೆಂದೇ ಆ್ಯಪ್‌ಗಳಿವೆ. ಊಟದ ವಿರಾಮದಲ್ಲಿ ಉದ್ಯೋಗಿಗಳನ್ನು ಹತ್ತು ನಿಮಿಷ ಕಣ್ಣು ಮುಚ್ಚಿ ಕೂರಿಸುವ ಕಂಪನಿಗಳಿವೆ. ನಗರದ ಹೊರವಲಯದಲ್ಲಿ ವಾರಾಂತ್ಯದ ಶಿಬಿರಗಳಿವೆ. ಒತ್ತಡ ತಗ್ಗುತ್ತದೆ, ಏಕಾಗ್ರತೆ ಹೆಚ್ಚುತ್ತದೆ, ನಿದ್ದೆ ಚೆನ್ನಾಗಿ ಬರುತ್ತದೆ ಎಂಬುದು ಇವೆಲ್ಲವುಗಳ ಭರವಸೆ. ಈ ಭರವಸೆ ಪೂರ್ತಿ ಸುಳ್ಳೇನೂ ಅಲ್ಲ. ಆದರೆ ಒತ್ತಡ ತಗ್ಗಿದ ಆ ಮನಸ್ಸನ್ನು ನಾವು ಯಾವುದಕ್ಕೆ ಬಳಸುತ್ತೇವೆ ಎಂಬ ಪ್ರಶ್ನೆಯನ್ನು ಈ ಮಾರುಕಟ್ಟೆ ಎಂದೂ ಕೇಳುವುದಿಲ್ಲ. ಬುದ್ಧ ಕೇಳಿದ್ದು ಆ ಪ್ರಶ್ನೆಯನ್ನೇ.

ಧ್ಯಾನ ಈ ರೂಪ ತಳೆದದ್ದಕ್ಕೆ ಒಂದು ಚರಿತ್ರೆಯಿದೆ. 1979ರಲ್ಲಿ ಜಾನ್ ಕಬಾಟ್-ಜಿನ್ ಅಮೆರಿಕದ ಮೆಸಾಚುಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರದಲ್ಲಿ ದೀರ್ಘಕಾಲದ ನೋವಿನಿಂದ ಬಳಲುವವರಿಗಾಗಿ ಒಂದು ಕಾರ್ಯಕ್ರಮ ಆರಂಭಿಸಿದರು. ಬೌದ್ಧ ಧ್ಯಾನದ ಕ್ರಮವನ್ನು ಅವರು ಧಾರ್ಮಿಕ ಪರಿಭಾಷೆಯಿಂದ ಬಿಡಿಸಿ ಚಿಕಿತ್ಸೆಯ ಭಾಷೆಗೆ ತಂದರು. ಅದಕ್ಕೂ ಹತ್ತು ವರ್ಷ ಮೊದಲು, 1969ರಲ್ಲಿ, ಎಸ್.ಎನ್. ಗೋಯೆಂಕಾ ಬರ್ಮಾದಿಂದ ವಿಪಶ್ಯನವನ್ನು ಭಾರತಕ್ಕೆ ಮರಳಿ ತಂದಿದ್ದರು. 1994ರಲ್ಲಿ ದೆಹಲಿಯ ತಿಹಾರ್ ಸೆರೆಮನೆಯಲ್ಲಿ ಸುಮಾರು ಸಾವಿರ ಕೈದಿಗಳು ಒಟ್ಟಿಗೆ ಅವರ ಶಿಬಿರದಲ್ಲಿ ಕುಳಿತರು. ಗೋಯೆಂಕಾ ಕೂಡ ಇದು ಮತಧರ್ಮಕ್ಕೆ ಸೇರಿದ್ದಲ್ಲವೆಂದೇ ಹೇಳುತ್ತಿದ್ದರು. ಆದರೂ ಹತ್ತು ದಿನಗಳ ಆ ಶಿಬಿರ ಆರಂಭವಾಗುವುದು ಉಸಿರಿನಿಂದಲ್ಲ, ಪಂಚಶೀಲದ ಪ್ರತಿಜ್ಞೆಯಿಂದ: ಕೊಲ್ಲುವುದಿಲ್ಲ, ಕದಿಯುವುದಿಲ್ಲ, ವ್ಯಭಿಚರಿಸುವುದಿಲ್ಲ, ಸುಳ್ಳಾಡುವುದಿಲ್ಲ, ಅಮಲು ಸೇವಿಸುವುದಿಲ್ಲ. ಶೀಲ, ಸಮಾಧಿ, ಪ್ರಜ್ಞೆ ಎಂಬ ಮೂರು ಮೆಟ್ಟಿಲುಗಳ ಪೈಕಿ ನಡುವಿನದೊಂದನ್ನು ಮಾತ್ರ ಕಿತ್ತು ಮಾರುವುದು ನಂತರದ ಮಾರುಕಟ್ಟೆಯ ಜಾಣತನ.

ನಡುವಿನ ಮೆಟ್ಟಿಲೊಂದೇ ಸಾಲದು ಎಂಬುದು ಗೊತ್ತಾಗುವುದಾದರೂ ಹೇಗೆ? ಎಚ್ಚರದಲ್ಲಿ ನಮ್ಮನ್ನು ನಾವೇ ನಂಬಿಸಿಕೊಳ್ಳುವುದು ಕಷ್ಟವೇನಲ್ಲ. ಬೆನ್ನು ನೆಟ್ಟಗೆ ಮಾಡಿ ಕುಳಿತವನ ಮುಖದಲ್ಲಿ ಶಾಂತಿ ತಾನಾಗಿಯೇ ನೆಲೆಸಿದಂತೆ ಕಾಣುತ್ತದೆ. ನಿದ್ದೆಯಲ್ಲಿ ಮಾತ್ರ ಈ ನಟನೆ ನಡೆಯದು. ಹಲವು ವರ್ಷಗಳಿಂದ ಬೆಳಗಿನ ಹೊತ್ತು ಉಸಿರನ್ನು ಗಮನಿಸುತ್ತಾ ಕೂರುವ ಅಭ್ಯಾಸವಿರುವ ನನಗೆ, ಕಾಲ ಕಳೆದಂತೆ, ಧ್ಯಾನದ ನಿಜವಾದ ವರದಿ ಸಿಗುವುದು ಆಸನದ ಮೇಲಲ್ಲ, ಹಿಂದಿನ ರಾತ್ರಿಯ ಕನಸಿನಲ್ಲಿ ಎನ್ನಿಸತೊಡಗಿದೆ.

ಬೌದ್ಧ ಪರಂಪರೆ ಕನಸನ್ನು ನೋಡಿದ ಬಗೆ ಇಲ್ಲಿ ಉಪಯುಕ್ತ. ಗ್ರೀಕ್ ಮೂಲದ ಅರಸ ಮಿಲಿಂದನಿಗೂ ಭಿಕ್ಷು ನಾಗಸೇನನಿಗೂ ನಡೆದ ಸಂವಾದವೆಂದು ಪ್ರಸಿದ್ಧವಾದ ಪಾಲಿ ಗ್ರಂಥ ‘ಮಿಲಿಂದಪಞ್ಹ’ದಲ್ಲಿ ಕನಸಿನ ಕುರಿತೇ ಒಂದು ಪ್ರಶ್ನೆಯಿದೆ. ಕನಸು ಕಾಣುವವರು ಆರು ಬಗೆ ಎಂದು ನಾಗಸೇನ ವಿವರಿಸುತ್ತಾನೆ. ವಾತ, ಪಿತ್ತ, ಶ್ಲೇಷ್ಮಗಳ ಏರುಪೇರಿನಿಂದ ಕಾಣುವವರು ಮೂರು ಬಗೆ. ದೇವತೆಯ ಪ್ರಭಾವದಿಂದ ಕಾಣುವವರು ನಾಲ್ಕನೆಯವರು. ತಾವು ರೂಢಿಸಿಕೊಂಡದ್ದನ್ನೇ ಕಾಣುವವರು ಐದನೆಯವರು. ಮುಂದಾಗುವುದರ ಸೂಚನೆಯಾಗಿ ಕಾಣುವವರು ಆರನೆಯವರು. ಇವುಗಳಲ್ಲಿ ಕೊನೆಯದೊಂದೇ ನಿಜವಾಗುವ ಕನಸು ಎಂಬುದು ಅವನ ತೀರ್ಮಾನ. ಶಕುನ ಕೇಳುವ ನಮ್ಮ ಸಮಾಜ ಆ ಆರನೆಯದನ್ನೇ ಹಿಡಿದುಕೊಂಡಿತು. ನಮ್ಮ ದಿನನಿತ್ಯದ ಬದುಕಿಗೆ ಹೆಚ್ಚು ಬೇಕಾದದ್ದು ಐದನೆಯದು: ಹಗಲೆಲ್ಲ ಮನಸ್ಸು ಯಾವುದರ ಜೊತೆ ಒಡನಾಡಿತೋ ರಾತ್ರಿ ಅದೇ ಎದ್ದು ಬರುತ್ತದೆ.

ಹಾಗೆಂದು ಕನಸಿಗೆ ನಾವು ಅಪರಾಧಿಗಳಾಗಬೇಕಿಲ್ಲ. ಭಿಕ್ಷುಗಳಿಗಾಗಿ ರೂಪಿಸಿದ ವಿನಯ ಸಂಹಿತೆಯಲ್ಲಿ ಬ್ರಹ್ಮಚರ್ಯಕ್ಕೆ ಸಂಬಂಧಿಸಿದ ಒಂದು ನಿಯಮ, ಕನಸಿನಲ್ಲಿ ಆದದ್ದನ್ನು ದೋಷವೆಂದು ಎಣಿಸುವುದಿಲ್ಲ. ಬುದ್ಧನ ದೃಷ್ಟಿಯಲ್ಲಿ ಕರ್ಮವೆಂದರೆ ಸಂಕಲ್ಪ. ನಿದ್ದೆಯಲ್ಲಿ ಅಂತಹ ಸಂಕಲ್ಪಕ್ಕೆ ಬಲವಿಲ್ಲ. ಕನಸು ಶಿಕ್ಷೆಗೆ ಕಾರಣವಾಗುವ ಸಾಕ್ಷ್ಯವಲ್ಲ, ಆದರೆ ಸಾಕ್ಷ್ಯವಂತೂ ಹೌದು.

ಮಧ್ಯಮ ವರ್ಗದ ಬಹಳಷ್ಟು ಮಂದಿಗೆ ಪರಿಚಿತವಾದ ಒಂದು ಕನಸಿದೆ. ಪರೀಕ್ಷೆ ಆರಂಭವಾಗಿದೆ, ಕೊಠಡಿ ಸಿಗುತ್ತಿಲ್ಲ, ಸಿಕ್ಕರೆ ಪ್ರಶ್ನೆಪತ್ರಿಕೆ ಯಾವುದೋ ಓದದ ವಿಷಯದ್ದು. ಪದವಿ ಮುಗಿಸಿ ದಶಕಗಳಾದ ಮೇಲೂ ಇದು ನನ್ನನ್ನು ಬಿಟ್ಟಿಲ್ಲ. ಇಂತಹ ಕನಸಿನ ಮರುದಿನ ಬೆಳಿಗ್ಗೆ ಸುಮ್ಮನೆ ಕುಳಿತು ಗಮನಿಸಿದರೆ ಪರೀಕ್ಷೆಯ ಚಿತ್ರ ಕರಗಿ, ಎದೆಯಲ್ಲಿ ಒಂದು ಬಿಗಿತ ಮಾತ್ರ ಉಳಿಯುತ್ತದೆ. ಅದು ಅಳೆಯಲ್ಪಡುವ ಭಯ. ಆ ಭಯವನ್ನು ಅಲ್ಲಿ ಒಮ್ಮೆ ಗುರುತಿಸಿದವನಿಗೆ ಅದು ಹಗಲಿನಲ್ಲಿಯೂ ಎಲ್ಲೆಡೆ ಕಾಣತೊಡಗುತ್ತದೆ. ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ನೆರೆಮನೆಯ ಮಗುವಿಗೆ ‘ಎಷ್ಟು ಪರ್ಸೆಂಟ್ ಬಂತು?’ ಎಂದು ಕೇಳುವ ಪ್ರಶ್ನೆಯಲ್ಲಿ, ಮದುವೆಮನೆಯಲ್ಲಿ ಸಂಬಳ ವಿಚಾರಿಸುವ ಮಾತಿನಲ್ಲಿ, ನಿವೇಶನದ ಅಳತೆಯ ಚರ್ಚೆಯಲ್ಲಿ ಇರುವುದು ಅದೇ. ನಮಗೆ ಉಣಿಸಿದ ಭಯವನ್ನು ನಾವು ಮುಂದಿನ ತಲೆಮಾರಿಗೆ ಬಡಿಸುತ್ತಾ ಹೋಗುತ್ತೇವೆ. ಆ ಮಗುವಿಗೆ ಬೇರೊಂದು ಪ್ರಶ್ನೆ ಕೇಳುವಷ್ಟು ಎಚ್ಚರ ಮೂಡಿದರೆ ಬೆಳಗಿನ ಧ್ಯಾನ ಸಾರ್ಥಕ. ಮೂಡದಿದ್ದರೆ ಅದು ವಿಶ್ರಾಂತಿ ಮಾತ್ರ. ವಿಶ್ರಾಂತಿ ಒಳ್ಳೆಯದೇ, ಆದರೆ ಅದಕ್ಕೆ ಬುದ್ಧನ ಹೆಸರು ಬೇಕಿಲ್ಲ.

ಪಾಲಿಯ ಅಂಗುತ್ತರ ನಿಕಾಯದಲ್ಲಿ ಮೈತ್ರಿಯನ್ನು ಬೆಳೆಸಿಕೊಂಡವನಿಗೆ ದೊರೆಯುವ ಹನ್ನೊಂದು ಫಲಗಳ ಪಟ್ಟಿಯಿದೆ. ಅವುಗಳಲ್ಲಿ ಮೊದಲ ಮೂರು ನಿದ್ದೆಗೆ ಸಂಬಂಧಿಸಿದವು: ಸುಖವಾಗಿ ಮಲಗುತ್ತಾನೆ, ಸುಖವಾಗಿ ಏಳುತ್ತಾನೆ, ಕೆಟ್ಟ ಕನಸು ಕಾಣುವುದಿಲ್ಲ. ಒಳ್ಳೆಯ ನಿದ್ದೆಯನ್ನು ಇಂದಿನ ಮಾರುಕಟ್ಟೆಯೂ ಮಾರುತ್ತಿದೆ. ವ್ಯತ್ಯಾಸವಿರುವುದು ದಾರಿಯಲ್ಲಿ. ಅಲ್ಲಿ ನಿದ್ದೆ ಬರುವುದು ಇತರರ ಬಗೆಗಿನ ಸ್ನೇಹದ ಫಲವಾಗಿ. ಇಲ್ಲಿ ಇತರರನ್ನು ಮರೆತು ತನ್ನ ಉಸಿರಿನೊಳಗೆ ಅಡಗಿಕೊಂಡ ಫಲವಾಗಿ.

ಈ ವಾದಕ್ಕೆ ಮಿತಿಯೂ ಇದೆ. ಕಣ್ಣಗುಡ್ಡೆಗಳು ವೇಗವಾಗಿ ಚಲಿಸುವ ನಿದ್ರಾವಸ್ಥೆಯನ್ನು 1953ರಲ್ಲಿ ಶಿಕಾಗೊ ವಿಶ್ವವಿದ್ಯಾಲಯದ ಅಸೆರಿನ್‌ಸ್ಕಿ ಮತ್ತು ಕ್ಲೈಟ್‌ಮನ್ ಗುರುತಿಸಿ, ಅದಕ್ಕೂ ಕನಸಿಗೂ ನಂಟಿದೆಯೆಂದು ತೋರಿಸಿದ ಮೇಲೆ ಕನಸಿನ ದೈಹಿಕ ನೆಲೆಗಳ ಅರಿವು ಬಹಳ ಬೆಳೆದಿದೆ. ಜ್ವರದಿಂದ, ಔಷಧದಿಂದ, ಅನುಭವಿಸಿದ ಆಘಾತದಿಂದ ದುಃಸ್ವಪ್ನಗಳು ಬೀಳುತ್ತವೆ. ಹಿಂಸೆಗೆ ಗುರಿಯಾದವರ ಕೆಟ್ಟ ಕನಸು ಅವರ ನಡತೆಯ ವರದಿಯಲ್ಲ. ಅವರಿಗೆ ಬೇಕಾದದ್ದು ಉಪದೇಶವಲ್ಲ, ವೈದ್ಯರ ನೆರವು. ಎಲ್ಲ ಕನಸಿಗೂ ಒಂದೇ ಅರ್ಥ ಹಚ್ಚಬಾರದೆಂಬ ವಿವೇಕ, ವಾತಪಿತ್ತಗಳನ್ನು ಮೊದಲು ಹೆಸರಿಸಿದ ನಾಗಸೇನನಿಗೂ ಇತ್ತು.

ಧಮ್ಮವು ದಿನನಿತ್ಯದ ನಡತೆಯ ಸಂಗತಿ ಎಂಬುದಕ್ಕೆ ಕನ್ನಡಿಗರು ಹೊರನಾಡಿನ ಪ್ರಮಾಣ ಹುಡುಕಬೇಕಾಗಿಲ್ಲ. ಚಿತ್ರದುರ್ಗ ಜಿಲ್ಲೆ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ 1892ರಲ್ಲಿ ಬಿ.ಎಲ್. ರೈಸ್ ಪತ್ತೆಹಚ್ಚಿದ ಅಶೋಕನ ಶಾಸನವಿದೆ. ತಾನು ಉಪಾಸಕನಾದ ಆರಂಭದಲ್ಲಿ ಹೆಚ್ಚಿನ ಪ್ರಯತ್ನ ಮಾಡಲಿಲ್ಲವೆಂದು ಚಕ್ರವರ್ತಿಯೇ ಅದರಲ್ಲಿ ಹೇಳಿಕೊಳ್ಳುತ್ತಾನೆ. ಪ್ರಯತ್ನದ ಫಲ ದೊಡ್ಡವರಿಗಷ್ಟೇ ಅಲ್ಲ, ಸಾಮಾನ್ಯರಿಗೂ ಲಭ್ಯ ಎನ್ನುತ್ತಾನೆ. ತಂದೆತಾಯಿಯರಿಗೆ ವಿಧೇಯತೆ, ಜೀವಿಗಳಲ್ಲಿ ದಯೆ, ಸತ್ಯವಾದ ಮಾತು, ಗುರುವಿಗೆ ಗೌರವ ಇವಿಷ್ಟನ್ನೇ ಆ ಬಂಡೆ ಧಮ್ಮದ ಗುಣಗಳೆಂದು ಸಾರುತ್ತದೆ. ಅದರಲ್ಲಿ ಧ್ಯಾನದ ಕ್ರಮವಿಲ್ಲ, ಆಸನದ ವಿವರವಿಲ್ಲ.

‘ಬುದ್ಧ’ ಎಂದರೆ ಎಚ್ಚೆತ್ತವನು ಎಂದರ್ಥ. ಎಚ್ಚರವೆಂದರೆ ಕಣ್ಣು ಮುಚ್ಚಿ ಪಡೆಯುವ ನೆಮ್ಮದಿಯಲ್ಲ. ಕಣ್ಣು ತೆರೆದ ಮೇಲೆ ಎದುರಿಗಿರುವವರು ಸ್ಪಷ್ಟವಾಗಿ ಕಾಣುವುದು. ಹತ್ತು ನಿಮಿಷದ ಧ್ಯಾನ ಕಲಿಸುವ ಸಂಸ್ಥೆ ಉಳಿದ ಒಂಬತ್ತು ಗಂಟೆ ತನ್ನ ಉದ್ಯೋಗಿಗಳನ್ನು ಹೇಗೆ ನಡೆಸಿಕೊಳ್ಳುತ್ತದೆ ಎಂದು ಕೇಳುವ ಹಕ್ಕು ಅಲ್ಲಿ ಕುಳಿತವರಿಗಿದೆ. ಅದೇ ಪ್ರಶ್ನೆಯನ್ನು ಮನೆಗೆಲಸದವರು, ಚಾಲಕರು, ಕಾವಲುಗಾರರು ನಮಗೂ ಕೇಳಬಹುದು. ಅವರು ಕೇಳದಿದ್ದರೆ ನಮ್ಮ ಕನಸುಗಳಾದರೂ ಕೇಳುತ್ತವೆ.