ಎಡಗಾಲಿನ ಪಾಠ

ರವಿವಾರದ ಈ ಪುಟದಲ್ಲಿ ಕಾವ್ಯ, ಕಥೆಗಳ ಮಾತನ್ನು ನಿರೀಕ್ಷಿಸುವ ವಾಚಕರು ಇಂದು ಕಾಲ್ಚೆಂಡಾಟದ ಮಾತನ್ನೆತ್ತಿದುದಕ್ಕಾಗಿ ನನ್ನನ್ನು ಮನ್ನಿಸಬೇಕು. ಆಟವೂ ನಾಡಿನ ಸಂಸ್ಕೃತಿಯ ಒಂದು ಅಂಗವೆಂದು ನಂಬಿದವನು ನಾನು. ಮೇಲಾಗಿ, ಈಚಿನ ವಾರ್ತೆಗಳು ಸುಮ್ಮನಿರಗೊಡುತ್ತಿಲ್ಲ. ಒಕ್ಕೂಟಕ್ಕೂ ಅದರ ವಾಣಿಜ್ಯ ಪಾಲುದಾರರಿಗೂ ಇದ್ದ ಕರಾರು ಮುಗಿಯುತ್ತ ಬಂದಿತೆಂದು 2025ರ ಜುಲೈಯಲ್ಲಿ ದೇಶದ ಅಗ್ರಶ್ರೇಣಿಯ ಲೀಗ್ ಪಂದ್ಯಾವಳಿಯನ್ನೇ ತಡೆಹಿಡಿದರು. 2022ರಲ್ಲಿ ಆ ಲೀಗಿನ ಕಪ್ಪನ್ನೆತ್ತಿದ್ದ ಹೈದರಾಬಾದಿನ ತಂಡವು ಅದೇ 2025ರಲ್ಲಿ ತನ್ನ ಊರನ್ನು ತೊರೆದು, ದಿಲ್ಲಿ ಸೇರಿ, ಬೇರೆ ಹೆಸರನ್ನು ಧರಿಸಿತು.

ಹೈದರಾಬಾದಿನ ತಂಡ ಹೋದರೆ ಸೇಡಂ, ಚಿತ್ತಾಪುರದವರಿಗೆ ಏನು ನಷ್ಟ ಎಂದು ಕೆಲವರು ಕೇಳಬಹುದು. ವಾಡಿಯಿಂದ ಚಿತ್ತಾಪುರ, ಸೇಡಂಗಳ ಮೇಲೆ ಹಾಯ್ದು ಸಿಕಂದರಾಬಾದಿಗೆ ಹೋಗುವ ರೈಲುದಾರಿ ತೆರೆದದ್ದು 1874ರಲ್ಲಿ. 1956ರ ಅಕ್ಟೋಬರ್ ಮುಗಿಯುವವರೆಗೆ ನಮ್ಮ ರಾಜಧಾನಿ ಆ ದಾರಿಯ ಕೊನೆಯಲ್ಲಿಯೇ ಇದ್ದಿತು. ರೈಲ್ವೆಯಲ್ಲಿ ನೌಕರಿಯಲ್ಲಿದ್ದ ನನ್ನ ಕಾಕಾ ರಜೆ ಸಿಕ್ಕಾಗಲೆಲ್ಲ ಫತೇ ಮೈದಾನದಲ್ಲಿ ಆಟ ನೋಡಿ ಬರುತ್ತಿದ್ದರು. ವಾಡಿಯ ಮನೆಯಂಗಳದಲ್ಲಿ ನಮ್ಮನ್ನು ಕೂಡಿಸಿಕೊಂಡು, "ಚೆಂಡು ನಿನ್ನ ಕಾಲಾಗ ನಿಂತ್ರ ಆಟ ನಿಂತಂಗ, ತಮ್ಮಾ" ಎನ್ನುತ್ತಿದ್ದರು. ಅದು ಸಯ್ಯದ್ ಅಬ್ದುಲ್ ರಹೀಮರ ಆಟದ ರೀತಿಯೆಂಬುದು ನನಗೆ ತಿಳಿದದ್ದು ಬಹಳ ತಡವಾಗಿ.

ರಹೀಮರು ವೃತ್ತಿಯಿಂದ ಶಿಕ್ಷಕರು. ಅವರು ಪಳಗಿಸಿದ ಹೈದರಾಬಾದ್ ಸಿಟಿ ಪೊಲೀಸ್ ತಂಡವು 1950ರಿಂದ 1954ರವರೆಗೆ ಸತತವಾಗಿ ಐದು ಬಾರಿ ರೋವರ್ಸ್ ಕಪ್ ಗೆದ್ದಿತು. 1951ರಲ್ಲಿಯೂ 1962ರಲ್ಲಿಯೂ ಅವರ ಶಿಕ್ಷಣದಲ್ಲಿ ಭಾರತವು ಏಷ್ಯನ್ ಕ್ರೀಡೆಗಳ ಸ್ವರ್ಣ ಪದಕವನ್ನು ಪಡೆಯಿತು. ಆಟಗಾರರು ತಮ್ಮ ಬಲವಿಲ್ಲದ ಕಾಲಿನಿಂದಲೇ ಆಡತಕ್ಕ ಪಂದ್ಯಗಳನ್ನು ಅವರು ಏರ್ಪಡಿಸುತ್ತಿದ್ದರು. ಬಲಗಾಲಿನ ಪ್ರವೀಣನಿಗೆ ಎಡಗಾಲೇ ಗತಿ. ಮೊದಮೊದಲು ಎಡವುವರು, ನಗೆಗೀಡಾಗುವರು, ಕ್ರಮೇಣ ಎರಡು ಕಾಲಿನ ಆಟಗಾರರಾಗುವರು. ಈ ಸರಳ ಪಾಠದಲ್ಲಿ ರಾಜ್ಯವಾಳುವವರಿಗೂ ಒಂದು ಬುದ್ಧಿಯುಂಟೆಂದು ನನ್ನ ನಂಬಿಕೆ.

1956ರ ನವೆಂಬರ್ 1ರಂದು ನಾವು ಕನ್ನಡ ರಾಜ್ಯವನ್ನು ಸೇರಿದೆವು. ಸರಿಯಾಗಿ ಒಂದು ತಿಂಗಳ ಮೇಲೆ, ಡಿಸೆಂಬರ್ 1ರಂದು, ಮೆಲ್ಬರ್ನಿನಲ್ಲಿ ರಹೀಮರ ಹುಡುಗರು ಆಸ್ಟ್ರೇಲಿಯವನ್ನು 4-2ರಿಂದ ಸೋಲಿಸಿ ಒಲಿಂಪಿಕ್ಸ್ ಉಪಾಂತ್ಯಕ್ಕೇರಿದರು. ಭಾಷೆಯ ಮನೆ ಸಿಕ್ಕಿತೆಂಬ ನಮ್ಮ ಹಿರಿಯರ ಸಂತೋಷ ನಿಜವಾದದ್ದು. ನಾನು ಅದನ್ನು ಎಳ್ಳಷ್ಟೂ ಅಲ್ಲಗಳೆಯೆನು. ಆದರೆ ಹಳೆಯ ರಾಜಧಾನಿಯ ಆಟದ ಪರಂಪರೆ ಕೈಬಿಟ್ಟಿತು. ಹೊಸ ರಾಜಧಾನಿಯ ಆಟ ಇಲ್ಲಿಯವರೆಗೆ ಬರಲಿಲ್ಲ. 1968-69ರಲ್ಲಿ ಮೈಸೂರು ತಂಡ ಗೆದ್ದ ಸಂತೋಷ್ ಟ್ರೋಫಿಯನ್ನು 54 ವರ್ಷಗಳ ಬಳಿಕ, 2023ರ ಮಾರ್ಚ್ 4ರಂದು, ದೂರದ ರಿಯಾದಿನಲ್ಲಿ ಕರ್ನಾಟಕ ಮರಳಿ ಪಡೆಯಿತು. ಆ ರಾತ್ರಿ ನಾನೂ ಹಿಗ್ಗಿದೆ. ಆದರೂ ಕರ್ನಾಟಕದ ಕಾಲ್ಚೆಂಡೆಂದರೆ ಬೆಂಗಳೂರಿನ ಕಾಲ್ಚೆಂಡೆಂಬ ಮಾತು ಇಂದಿಗೂ ಸುಳ್ಳಾಗಿಲ್ಲ.

ಡಾ. ಡಿ. ಎಂ. ನಂಜುಂಡಪ್ಪನವರ ಸಮಿತಿಯು 2002ರಲ್ಲಿ ಅತ್ಯಂತ ಹಿಂದುಳಿದವೆಂದು ಗುರುತಿಸಿದ 39 ತಾಲ್ಲೂಕುಗಳಲ್ಲಿ 21 ನಮ್ಮ ಕಲಬುರಗಿ ವಿಭಾಗದವು. ಸಂವಿಧಾನದ 371ಜೆ ವಿಧಿಯನ್ನು 2012ರಲ್ಲಿ ಸಂಸತ್ತು ಅಂಗೀಕರಿಸಿತು. 2019ರಲ್ಲಿ ಹೈದರಾಬಾದ್ ಕರ್ನಾಟಕವು ಕಲ್ಯಾಣ ಕರ್ನಾಟಕವಾಯಿತು. ಹೆಸರು ಬದಲಾಯಿತು, ನೌಕರಿಯಲ್ಲಿ ಪಾಲು ದೊರೆಯಿತು. ರಾಜ್ಯೋತ್ಸವದ ವೇದಿಕೆಗಳಲ್ಲಿ ಮಳಖೇಡದ ನೃಪತುಂಗನ ವೈಭವವನ್ನು ಸ್ಮರಿಸುವುದೂ ತಪ್ಪಿಲ್ಲ. ಆದರೆ ಶಹಾಬಾದದ ಕಲ್ಲುಗಣಿಯ ಕೂಲಿಯ ಮಗ ಎಲ್ಲಿ ಆಡಬೇಕು? ನಾಡಿನ ಎಷ್ಟೋ ಮನೆಗಳಿಗೆ ನೆಲಗಲ್ಲು ಕೊಟ್ಟ ಊರಿನ ಬಾಲಕನಿಗೆ ಕಲ್ಲಿಲ್ಲದ ಒಂದು ಬಯಲಿಲ್ಲ. ಚಿಂಚೋಳಿಯ ತಾಂಡಾಗಳ ಹುಡುಗರು ತಂದೆತಾಯಿಗಳೊಡನೆ ದುಡಿಮೆಗಾಗಿ ಮುಂಬಯಿ, ಹೈದರಾಬಾದುಗಳಿಗೆ ಗುಳೆ ಹೋಗುತ್ತಾರೆ. ಅವರ ಓಟದ ಬಲವನ್ನು ಅಳೆಯುವವರಿಲ್ಲ.

ರಹೀಮರ ಬಾಳನ್ನು ಕುರಿತ ಹಿಂದಿ ಚಲನಚಿತ್ರ 2024ರಲ್ಲಿ ಬಂದಿತು. ಅದರ ಹೆಸರು 'ಮೈದಾನ್'. ನೋಡಿ ಹೊರಬಂದಾಗ ನನ್ನ ಕಣ್ಣು ತೇವವಾಗಿದ್ದುವು; ನಾನು ಬಾಲ್ಯದಲ್ಲಿ ಆಡಿದ ಬಯಲಿನಲ್ಲಿ ಇಂದು ಅಂಗಡಿಗಳ ಸಾಲೆದ್ದಿದೆ. ಉಳಿದ ಬಯಲುಗಳೋ, ಒಂದು ವಾರ ರಾಜಕೀಯ ಸಭೆಗೆ, ಮತ್ತೊಂದು ವಾರ ಪ್ರದರ್ಶನಕ್ಕೆ. ಸಭೆ ಮುಗಿದ ಮೇಲೆ ಹುಡುಗರಿಗೆ ಸಿಗುವುದು ಗೂಟ ಕಿತ್ತ ಗುಂಡಿಗಳು ಮಾತ್ರ.

ನೀರು, ಶಾಲೆ, ಆಸ್ಪತ್ರೆಗಳು ಮೊದಲಲ್ಲವೇ ಎಂದು ಬಲ್ಲವರು ಆಕ್ಷೇಪಿಸಬಹುದು. ಮೊದಲೇ ಅಹುದು. ಆದರೆ ಶಾಲೆ ಬಿಡುವ ಹುಡುಗನನ್ನು ಶಾಲೆಗೆ ಕಟ್ಟಿಹಾಕುವ ಹಗ್ಗಗಳಲ್ಲಿ ಚೆಂಡೂ ಒಂದು. ನಾನು ಬೇಡುವುದು ಅರಮನೆಯಂಥ ಕ್ರೀಡಾಂಗಣವನ್ನಲ್ಲ. ಈ ಐದು ಊರುಗಳಲ್ಲಿ ಒಂದೊಂದು ಸಮತಟ್ಟಾದ ಬಯಲು. ಬೇರೆ ಯಾವ ಕೆಲಸಕ್ಕೂ ಕೊಡಲಾಗದಂತೆ ಕಾಗದಪತ್ರದಲ್ಲಿ ಅದಕ್ಕೊಂದು ರಕ್ಷಣೆ. ವರ್ಷವಿಡೀ ಸಂಬಳವುಳ್ಳ ಒಬ್ಬ ತರಬೇತುದಾರ. ಇದಕ್ಕೆ ಹಣವೆಲ್ಲಿ? 2013ರ ಕಂಪನಿ ಕಾಯಿದೆಯ ಪ್ರಕಾರ ದೊಡ್ಡ ಕಂಪನಿಗಳು ತಮ್ಮ ಸರಾಸರಿ ನಿವ್ವಳ ಲಾಭದಲ್ಲಿ ನೂರಕ್ಕೆ 2ರಷ್ಟನ್ನು ಸಮಾಜಕ್ಕಾಗಿ ವ್ಯಯಿಸಬೇಕು. ಗ್ರಾಮೀಣ ಕ್ರೀಡೆಯ ತರಬೇತಿಗೂ ಅದರಲ್ಲಿ ಎಡೆಯುಂಟು. ನಮ್ಮ ಸುಣ್ಣಗಲ್ಲನ್ನು ಸಿಮೆಂಟಾಗಿಸುವ ಕಾರ್ಖಾನೆಗಳು ವಾಡಿ, ಸೇಡಂಗಳ ಬಾಗಿಲಲ್ಲಿಯೇ ಇವೆ.

ಒಂದೇ ಕಾಲಿನ ಆಟಗಾರನನ್ನು ಎದುರಾಳಿ ಬೇಗನೆ ಅರಿತುಕೊಳ್ಳುತ್ತಾನೆ. ಕರ್ನಾಟಕ ಬಹುಕಾಲದಿಂದ ಬಲಗಾಲಿನಲ್ಲಿಯೇ ಆಡುತ್ತಿದೆ. ಎಡಗಾಲು ನಿಶ್ಶಕ್ತವೆಂದು ಮರುಗುವವರು ಸಾಕಷ್ಟಿದ್ದಾರೆ. ಚೆಂಡನ್ನು ಆ ಕಾಲಿಗೆ ಕೊಟ್ಟು ನೋಡುವವರು ಬೇಕಾಗಿದ್ದಾರೆ.