ಬೆನ್ನಿಗೂ ಒಂದು ಹಂಗಾಮು ಕೊಡಿ

ಭಾತಂಬ್ರಾದಲ್ಲಿ ನನಗೆ ಐದು ಎಕರೆ ಕಪ್ಪು ನೆಲ. ಮುಂಗಾರಿಗೆ ಸೋಯಾ, ತೊಗರಿ, ಉದ್ದು. ಹಿಂಗಾರಿಗೆ ಕಡಲೆ, ಜೋಳ. ಈ ಪತ್ರಿಕೆಗೆ ಬರೆಯುವುದಾದರೆ ಬೆಳೆಯ ಬಗ್ಗೆಯೇ ಬರೆಯಬೇಕು ಅಂತಿದ್ದೆ. ಆದರೆ ಎರಡು ಸಲ ಬೆನ್ನು ಕೊಯ್ಸಿಕೊಂಡ ಮೇಲೆ, ಬೆಳೆಗಿಂತ ಮೊದಲು ಬೆನ್ನಿನ ಮಾತು ಬರೆಯಬೇಕು ಅನ್ನಿಸಿತು. ಬೆನ್ನಿಲ್ಲದೆ ಬೇಸಾಯ ಎಲ್ಲಿದೆ ಹೇಳ್ರಿ?

ನಮ್ಮ ಕೆಲಸದ ಲೆಕ್ಕ ಒಮ್ಮೆ ಹಾಕಿ ನೋಡಿ. ಡಿಎಪಿ ಚೀಲ 50 ಕೆ.ಜಿ., ಯೂರಿಯಾ 45 ಕೆ.ಜಿ. ಬೆನ್ನಿಗೆ ಕಟ್ಟುವ ಪಂಪು 16 ಲೀಟರಿನದು. ಪಂಪಿನ ತೂಕವೂ ಸೇರಿ 20 ಕೆ.ಜಿ.ಗೆ ಕಡಿಮೆ ಇಲ್ಲ. ಒಂದು ಎಕರೆಗೆ ಹತ್ತು ಪಂಪು ಹೊಡೆದರೆ ದಿನಕ್ಕೆ ಎಷ್ಟು ಸಲ ಎತ್ತಿ ಇಳಿಸಿದೆವು? ಕಳೆ ತೆಗೆಯುವುದು, ರಾಶಿ ಮಾಡುವುದು, ಮೂಟೆ ಹೊರುವುದು, ಎಲ್ಲವೂ ಬಗ್ಗಿದ ಕೆಲಸ. ಇಪ್ಪತ್ತೈದು ವರ್ಷ ಹೀಗೇ ನಡೆಯಿತು. ನಂತರ ನಡುವಿನಿಂದ ಎಡಗಾಲಿನ ಹೆಬ್ಬೆರಳ ತನಕ ಕರೆಂಟು ಹೊಡೆದ ಹಾಗೆ ನೋವು. ಸ್ಕ್ಯಾನ್ ಮಾಡಿಸಿದರೆ ನಡುವಿನ ಕೆಳಗಿನ ಮಣಿಗಳ ನಡುವೆ ಡಿಸ್ಕು ಜಾರಿ ನರ ಒತ್ತಿತ್ತು. ಗುಳಿಗೆ, ವ್ಯಾಯಾಮ, ವಿಶ್ರಾಂತಿ ಆರು ತಿಂಗಳು ಆಯಿತು. ಪಾದ ಎತ್ತಲಿಕ್ಕೆ ಬಾರದೆ ಹೋದಾಗ ಆಪರೇಷನ್ ಬೇಕೇ ಬೇಕು ಅಂದರು.

2023ರ ಜೂನ್ ಮೊದಲ ವಾರ ದೂರದ ಊರಿನ ದೊಡ್ಡ ದವಾಖಾನೆಯಲ್ಲಿ ಆಪರೇಷನ್ ಆಯಿತು. ಐದನೇ ದಿನ ಮನೆಗೆ ಬಂದೆ. ಕಾಲಿನ ನೋವು ಮಾಯ. ನೋಡಲಿಕ್ಕೆ ಬಂದವರಿಗೆಲ್ಲ ನಾಲ್ಕು ಹೆಜ್ಜೆ ನಡೆದು ತೋರಿಸುತ್ತಿದ್ದೆ. ತಪ್ಪು ಮುಂದೆ ಶುರುವಾಯಿತು.

ಮಳೆಯ ದಾರಿ ಕಾದೆವು, ಗಾಯ ನೋಡಲಿಲ್ಲ

ಆ ವರ್ಷ ಮಳೆ ತಡ. ಜೂನ್ ಮುಗಿಯುತ್ತ ಬಂದರೂ ನೆಲ ಹಸಿಯಾಗಲಿಲ್ಲ. ಬೀಜ, ಗೊಬ್ಬರ ತಂದು ಮನೆಯಲ್ಲಿ ಇಟ್ಟಿದ್ದೆವು. ಹೊಲಿಗೆ ಬಿಚ್ಚಿದ ನಾಲ್ಕೈದು ದಿನಕ್ಕೆ ಗಾಯದ ಪಟ್ಟಿಯ ಮೇಲೆ ರೂಪಾಯಿ ಅಗಲದ ಒದ್ದೆ ಕಲೆ ಕಂಡಿತು. ಹೆಂಡತಿ ಹೇಳಿದಳು, "ಒಮ್ಮೆ ಡಾಕ್ಟರಿಗೆ ಫೋನ್ ಮಾಡ್ರಿ." ಕಟ್ಟೆ ಮೇಲಿನವರು ಹೇಳಿದರು, "ಏನಾಗಲ್ಲ ಬಿಡ್ರಿ, ಅರಿಶಿಣ ಹಚ್ರಿ." ನಾನು ಕಟ್ಟೆಯ ಮಾತು ಕೇಳಿದೆ.

ಅಷ್ಟರಲ್ಲಿ ಮಳೆ ಬಂತು. ಬಿತ್ತನೆಗೆ ಆಳು ಸಿಕ್ಕರು. "ನಾನೇನು ಕೆಲಸ ಮಾಡಲ್ಲ, ಬದುವಿನ ಮೇಲೆ ಕೂತು ನೋಡ್ತೀನಿ" ಅಂತ ಮಗನ ಬೈಕಿನ ಹಿಂದೆ ಕೂತು ಹೋದೆ. ಆ ದಾರಿಯ ಕುಲುಕಾಟ ನಿಮಗೆ ಗೊತ್ತಿದ್ದದ್ದೇ. ಎರಡು ದಿನ ಕಲ್ಲಿನ ಮೇಲೆ ಕೂತೆ. ರಾತ್ರಿ ಚಳಿ, ಮೈ ಬಿಸಿ. ನೋವಿನ ಗುಳಿಗೆ ನುಂಗುತ್ತಿದ್ದೆ, ಅದು ಜ್ವರವನ್ನೂ ಇಳಿಸುತ್ತಿತ್ತು. ಹೀಗಾಗಿ ಬೆಳಿಗ್ಗೆ ಎದ್ದರೆ ಜ್ವರವೇ ಇಲ್ಲ! ಜುಲೈ ಮೊದಲ ವಾರ ಎದ್ದು ನಿಲ್ಲಲಾರದೆ ಹೋದಾಗ ಜೀಪು ಮಾಡಿಕೊಂಡು ಓಡಿದೆವು. ಒಳಗೆ ಕೀವು ತುಂಬಿತ್ತು. ಮತ್ತೆ ಕೊಯ್ದು ತೊಳೆದರು. ಆರು ವಾರ ಆಂಟಿಬಯೋಟಿಕ್, ವಾರ ವಾರ ರಕ್ತ ಪರೀಕ್ಷೆ. ಸೋಯಾ ಹೂವಾದದ್ದನ್ನೂ ಕಾಯಿ ಕಟ್ಟಿದ್ದನ್ನೂ ನಾನು ನೋಡಲೇ ಇಲ್ಲ.

ಇದರಲ್ಲಿ ಡಾಕ್ಟರದು ತಪ್ಪು ಅಂತ ನಾನು ಹೇಳೋದಿಲ್ಲ. ಎಷ್ಟು ಸ್ವಚ್ಛವಾಗಿ ಮಾಡಿದರೂ ಕೆಲವರಿಗೆ ಸೋಂಕು ಆಗುತ್ತದೆ. ಆದರೆ ಕಲೆ ಕಂಡ ದಿನವೇ ಹೋಗಿದ್ದರೆ ಬಹುಶಃ ಇಷ್ಟು ದೂರ ಹೋಗುತ್ತಿರಲಿಲ್ಲ. ಸೋಯಾದಲ್ಲಿ ಒಂದು ಎಲೆಗೆ ಹುಳ ಬಿದ್ದರೆ ಅದೇ ಸಂಜೆ ಕೃಷಿ ಅಂಗಡಿಗೆ ಹೋಗುವ ನಾನು, ನನ್ನ ಬೆನ್ನಿನ ಕಲೆಯನ್ನು ಹತ್ತು ದಿನ ಬಿಟ್ಟೆ.

ಯಾವುದಕ್ಕೆ ಕಾಯಬಾರದು

ಎರಡನೇ ಸಲ ಮಲಗಿದಾಗ ಕೇಳಿ ಕೇಳಿ ಕಲಿತದ್ದನ್ನು ಇಲ್ಲಿ ಹೇಳುತ್ತೇನೆ. ಕತ್ತರಿಸಿ ಗೋಡೆಗೆ ಅಂಟಿಸಿಕೊಳ್ಳಿ.

ಗಾಯ ಕೆಂಪಾಗಿ ಬಾತರೆ, ಸೋರಿದರೆ, ವಾಸನೆ ಬಂದರೆ, ಚಳಿ ಜ್ವರ ಬಂದರೆ ಅದೇ ದಿನ ಹೋಗಿ. ಗಾಯದಿಂದ ತಿಳಿನೀರಿನಂಥದ್ದು ಬಂದು, ಎದ್ದು ಕೂತರೆ ತಲೆ ಸಿಡಿದು ಮಲಗಿದರೆ ಕಡಿಮೆಯಾದರೆ, ಅದು ಬೆನ್ನುಹುರಿಯ ಸುತ್ತಲಿನ ನೀರು ಸೋರುತ್ತಿರುವ ಗುರುತು ಇರಬಹುದು. ಅದಕ್ಕೂ ತಡ ಮಾಡಬಾರದು.

ಒಂದೇ ಕಾಲಿನ ಮೀನಖಂಡ ಬಾತು ನೋವಾದರೆ ರಕ್ತ ಹೆಪ್ಪುಗಟ್ಟಿರಬಹುದು. ಅದನ್ನು ತಿಕ್ಕಬೇಡಿ, ಎಣ್ಣೆ ಹಚ್ಚಿ ನೀವಿಸಬೇಡಿ. ಆ ಹೆಪ್ಪು ಪುಪ್ಪುಸಕ್ಕೆ ಹೋದರೆ ಎದೆ ನೋವು, ಏದುಸಿರು, ಪ್ರಾಣಕ್ಕೇ ಅಪಾಯ. ಕೂಡಲೇ 108ಕ್ಕೆ ಫೋನ್ ಮಾಡಬೇಕು.

ಎಲ್ಲಕ್ಕಿಂತ ತುರ್ತಿನದು ಇನ್ನೊಂದಿದೆ. ಮೂತ್ರ ಕಟ್ಟುವುದು ಅಥವಾ ತಿಳಿಯದೇ ಹೋಗುವುದು, ಮಲದ ಹಿಡಿತ ತಪ್ಪುವುದು, ಸೈಕಲ್ ಸೀಟಿಗೆ ತಾಗುವ ಜಾಗ ಜೋಮು ಹಿಡಿಯುವುದು, ಕಾಲಿನ ಶಕ್ತಿ ಇಳಿಯುವುದು. ಇಲ್ಲಿ ತಾಸುಗಳ ಲೆಕ್ಕ. "ಬೆಳಗಾಗಲಿ" ಅನ್ನಬಾರದು. ಹೇಳಲಿಕ್ಕೆ ನಾಚಿಕೆ ಅಂತ, ಅದರಲ್ಲೂ ಹೆಣ್ಣುಮಕ್ಕಳು, ಸುಮ್ಮನಿರುತ್ತಾರೆ. ನರ ಸತ್ತ ಮೇಲೆ ನಾಚಿಕೆ ಬಿಟ್ಟರೆ ಏನು ಬಂತು?

ಸಣ್ಣ ತೊಂದರೆಗಳೂ ಇವೆ. ಜೋರಿನ ನೋವಿನ ಗುಳಿಗೆಗಳಿಂದ ಮಲಬದ್ಧತೆ ಆಗುತ್ತದೆ, ಮುಕ್ಕಿದರೆ ಬೆನ್ನಿಗೆ ಒತ್ತಡ. ನೀರು, ಸೊಪ್ಪು, ಬೇಳೆ ಹೆಚ್ಚು ಬೇಕು. ಕುಕ್ಕರಗಾಲಲ್ಲಿ ಕೂಡುವಂತಿಲ್ಲ. ಹಳೇ ಪ್ಲಾಸ್ಟಿಕ್ ಕುರ್ಚಿಯ ನಡುವೆ ತೂತು ಕೊಯ್ದು ನಾವು ಸಂಡಾಸ ಕುರ್ಚಿ ಮಾಡಿಕೊಂಡೆವು. ಮಗ್ಗುಲಾಗುವಾಗ ದಿಮ್ಮಿ ಉರುಳಿಸಿದಂತೆ ಭುಜ, ಸೊಂಟ ಒಟ್ಟಿಗೆ ತಿರುಗಬೇಕು. ನೆಲದ ಹಾಸಿಗೆ ಬಿಟ್ಟು ಮಂಚಕ್ಕೆ ಬನ್ನಿ. ತುಂಬಿದ ಕೊಡ ಎತ್ತಬೇಡಿ. ಆದರೆ ಮಲಗಿಯೇ ಇರಬೇಡಿ. ಡಾಕ್ಟರು ಹೇಳಿದಷ್ಟು ದಿನಾ ನಡೆಯಿರಿ. ಸಕ್ಕರೆ ಕಾಯಿಲೆ ಹಿಡಿತದಲ್ಲಿರಲಿ. ಬೀಡಿ, ತಂಬಾಕು ಬಿಡಿ, ಅವು ಗಾಯ ಮಾಯುವುದನ್ನೂ ಎಲುಬು ಕೂಡುವುದನ್ನೂ ತಡೆಯುತ್ತವೆ. ಅಂಗಡಿಯಿಂದ ನೋವಿನ ಗುಳಿಗೆ ತಂದು ತಿಂಗಳುಗಟ್ಟಲೆ ನುಂಗಿದರೆ ಕಿಡ್ನಿ, ಹೊಟ್ಟೆ ಎರಡಕ್ಕೂ ಪೆಟ್ಟು.

ಎದ್ದು ಓಡಾಡಲಾರದವರ ಕಷ್ಟ ಬೇರೆ. ಇಂಗ್ಲೆಂಡಿನ ಸ್ಟೋಕ್ ಮ್ಯಾಂಡವಿಲ್ ಆಸ್ಪತ್ರೆಯಲ್ಲಿ 1944ರಲ್ಲಿ ಡಾ. ಲುಡ್ವಿಗ್ ಗುಟ್‌ಮನ್ ಬೆನ್ನುಹುರಿ ಪೆಟ್ಟಿನವರ ವಿಭಾಗ ಶುರು ಮಾಡಿದರು. ಅವರ ದೊಡ್ಡ ಮದ್ದು ಯಾವುದು ಗೊತ್ತೇ? ಎರಡು ತಾಸಿಗೊಮ್ಮೆ ರೋಗಿಯನ್ನು ಮಗ್ಗುಲು ಬದಲಿಸುವುದು. ಹಾಸಿಗೆ ಹುಣ್ಣು ತಡೆದದ್ದರಿಂದಲೇ ಎಷ್ಟೋ ಜೀವ ಉಳಿದವು. ಅದಕ್ಕೆ ಯಂತ್ರ ಬೇಡ, ಮನೆಯ ಎರಡು ಕೈ ಸಾಕು.

ಹೊಲ ಯಾರು ನೋಡ್ತಾರ?

ಎಲ್ಲರೂ ಕೇಳುವ ಪ್ರಶ್ನೆ ಇದು. "ನೀ ಹೇಳೋದು ಖರೆ, ಆದ್ರ ಬಿತ್ತನಿ ತಪ್ಪಿದ್ರ ವರ್ಷದ ಅನ್ನ ಹೋಯ್ತಲ್ಲ?" ಈ ಮಾತು ಸುಳ್ಳಲ್ಲ. ಡಾಕ್ಟರು "ಮೂರು ತಿಂಗಳು ವಿಶ್ರಾಂತಿ" ಅಂತ ಒಂದೇ ಸಾಲಿನಲ್ಲಿ ಬರೆಯುತ್ತಾರೆ. ನೌಕರಿಯವರಿಗೆ ರಜೆ ಉಂಟು. ನಮಗೆ ರಜೆ ಕೊಡುವವರು ಯಾರು?

ನನ್ನ ಅಭಿಪ್ರಾಯ ಇಷ್ಟು. ಆ ರಜೆಯನ್ನು ಊರೇ ಕೊಡಬೇಕು. ಮೊದಲು ನಮ್ಮಲ್ಲಿ ಮುಯ್ಯಾಳು ಪದ್ಧತಿ ಇತ್ತು. ಇವತ್ತು ನಿನ್ನ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀನು. ಎಳ್ಳ ಅಮಾವಾಸ್ಯೆಗೆ ಊರೆಲ್ಲ ಕರೆದು ಹೊಲದಲ್ಲಿ ಭಜ್ಜಿ, ಅಂಬಲಿ ಉಣಿಸುವ ನಾವು, ಕಾಯಿಲೆ ಬಿದ್ದವನ ಹೊಲಕ್ಕೆ ಒಂದು ದಿನ ಎಡೆ ಹೊಡೆಯಲಾರೆವೇ? ನನ್ನ ಎರಡನೇ ಆಪರೇಷನ್ ಆದಾಗ ಅಕ್ಕಪಕ್ಕದ ಹೊಲದ ನಾಲ್ವರು ತಾವಾಗಿಯೇ ಎಡೆ ಹೊಡೆದರು, ಔಷಧಿ ಸಿಂಪಡಿಸಿದರು. ನಾನೇ ಮೊದಲ ಸಲ ಬಾಯಿ ಬಿಟ್ಟು ಕೇಳಿದ್ದರೆ ಆ ಕಲ್ಲಿನ ಮೇಲೆ ಕೂಡುವ ಪ್ರಸಂಗವೇ ಬರುತ್ತಿರಲಿಲ್ಲ. ಕೇಳಲಿಕ್ಕೆ ಸಂಕೋಚ ಅಡ್ಡ ಬಂತು.

ಆಪರೇಷನ್ನಿಗೆ ದಿನ ಆರಿಸಿಕೊಳ್ಳುವ ಅವಕಾಶ ಇದ್ದರೆ ಹಂಗಾಮು ನೋಡಿ ಆರಿಸಿ. ಹಿಂಗಾರಿ ರಾಶಿ ಮುಗಿದ ಮೇಲೆ ಮಾಡಿಸಿದರೆ ಮುಂಗಾರಿಗೆ ಮೂರು ತಿಂಗಳು ಸಿಗುತ್ತದೆ. ಆದರೆ ನರ ಕೆಡುತ್ತಿದೆ ಅಂತ ಡಾಕ್ಟರು ಹೇಳಿದರೆ ಹಂಗಾಮು ಕಾಯಬೇಡಿ.

ಸರಕಾರಕ್ಕೂ ಒಂದು ಮಾತು ಹೇಳುವುದಿದೆ. 2018ರಲ್ಲಿ ಬಂದ ಆಯುಷ್ಮಾನ್ ಭಾರತ ಯೋಜನೆಯಲ್ಲಿ ಬಡ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿ ತನಕ ಚಿಕಿತ್ಸೆ ಉಂಟು. 2003ರಲ್ಲಿ ಸಹಕಾರಿ ಸಂಘಗಳ ರೈತರಿಗಾಗಿ ಶುರುವಾಗಿ 2018ರಲ್ಲಿ ನಿಂತಿದ್ದ ಯಶಸ್ವಿನಿಯೂ 2023ರಲ್ಲಿ ಮತ್ತೆ ಜಾರಿಗೆ ಬಂತು. ಇವು ಇಲ್ಲದಿದ್ದರೆ ನಮ್ಮಂಥವರು ಹೊಲ ಮಾರಬೇಕಿತ್ತು. ಆದರೆ ಆಯುಷ್ಮಾನ್ ಲೆಕ್ಕದಲ್ಲಿ ಬಿಡುಗಡೆಯ ನಂತರದ ಖರ್ಚಿಗೆ ಸಿಗುವುದು 15 ದಿನ ಮಾತ್ರ. ಗಾಯದ ಸೋಂಕು ಮೂರನೇ ವಾರ, ನಾಲ್ಕನೇ ವಾರವೂ ಬರುತ್ತದೆ. ಆರು ವಾರದ ಮದ್ದು, ರಕ್ತ ಪರೀಕ್ಷೆ, ಫಿಸಿಯೋಥೆರಪಿ, ಜೀಪಿನ ಬಾಡಿಗೆ ಇವೆಲ್ಲ ನನ್ನ ಕೈಯಿಂದಲೇ ಹೋದವು. ಬೆನ್ನಿನಂಥ ದೊಡ್ಡ ಆಪರೇಷನ್ನಿಗೆ ಈ 15 ದಿನವನ್ನು 90 ಮಾಡಿದರೆ ಸರಕಾರಕ್ಕೇ ಉಳಿತಾಯ. ಎರಡನೇ ಆಪರೇಷನ್ ತಪ್ಪುತ್ತದಲ್ಲ! ಬಿಡುಗಡೆ ಚೀಟಿಯ ಜೊತೆ ಕನ್ನಡದಲ್ಲಿ ಒಂದು ಪುಟ ಕೊಡಲಿ. ಏನು ಕಂಡರೆ ಬರಬೇಕು, ಯಾವ ನಂಬರಿಗೆ ಫೋನ್ ಮಾಡಬೇಕು, ಇಷ್ಟು ಸಾಕು. ನನ್ನ ಚೀಟಿ ಪೂರ್ತಿ ಇಂಗ್ಲಿಷಿನಲ್ಲಿತ್ತು. ಅದನ್ನು ಓದಿ ಹೇಳಿದ್ದು ಎರಡನೇ ಸಲ ಭೇಟಿಯಾದ ನರ್ಸಮ್ಮ.

ಕೊನೆಗೆ ಮನಸ್ಸಿನ ಮಾತು. ಮಲಗಿದಲ್ಲೇ ಇದ್ದಾಗ "ನಾನು ಮನೆಗೆ ಭಾರ" ಎಂಬ ವಿಚಾರ ರಾತ್ರಿಯೆಲ್ಲ ತಿನ್ನುತ್ತದೆ. ಆಗ ಡಾ. ಮೇರಿ ವರ್ಗೀಸರ ಕಥೆ ಕೇಳಿದೆ. ವೆಲ್ಲೂರಿನಲ್ಲಿ ಡಾಕ್ಟರಾಗಿದ್ದ ಕೇರಳದ ಹೆಣ್ಣುಮಗಳು. 1954ರ ಅಪಘಾತದಲ್ಲಿ ಸೊಂಟದ ಕೆಳಗೆ ಸ್ವಾಧೀನ ಹೋಯಿತು. ಗಾಲಿಕುರ್ಚಿಯಲ್ಲಿ ಕೂತೇ ಕುಷ್ಠರೋಗಿಗಳ ಕೈಗಳಿಗೆ ಶಸ್ತ್ರಚಿಕಿತ್ಸೆ ಮಾಡಿದರು. 1966ರಲ್ಲಿ ವೆಲ್ಲೂರಿನಲ್ಲಿ ಅವರ ಪುನರ್ವಸತಿ ಕೇಂದ್ರ ಶುರುವಾಯಿತು. ಅವರಷ್ಟು ದೊಡ್ಡ ಕೆಲಸ ನಮ್ಮಿಂದ ಆಗದಿರಬಹುದು. ಕೂತು ಮಾಡುವ ಕೆಲಸವೂ ಕೆಲಸವೇ ಅಂತ ನನಗೆ ತಿಳಿಯಿತು. ಈಗ ಬೀಜ ಆರಿಸುವುದು, ಲೆಕ್ಕ ಬರೆಯುವುದು ನನ್ನ ಪಾಲು. ಪಂಪು ಮಗನ ಬೆನ್ನಿಗೆ ಹೋಗಬಾರದು ಅಂತ ಗಾಲಿ ಇರುವ ಸಿಂಪಡಣೆ ಯಂತ್ರವನ್ನು ನಾಲ್ಕು ಮನೆ ಸೇರಿ ಕೊಂಡಿದ್ದೇವೆ. ಗೊಬ್ಬರದ ಚೀಲ ಇಬ್ಬರು ಹಿಡಿದೇ ಎತ್ತುತ್ತೇವೆ.

ನಿಮ್ಮಲ್ಲೂ ಬೆನ್ನು ಕೊಯ್ಸಿಕೊಂಡವರು ಇರಬಹುದು. ಹೊಲ ಹೇಗೆ ಸಂಭಾಳಿಸಿದಿರಿ, ಭಾರ ಎತ್ತದೆ ಕೆಲಸ ಸಾಗಿಸುವ ಉಪಾಯ ಏನು ಕಂಡಿರಿ, ಪತ್ರಿಕೆಗೆ ಬರೆಯಿರಿ. ಬಿತ್ತಿದ ನೆಲವನ್ನು ಮೊಳಕೆ ಬರುವ ತನಕ ಯಾರೂ ತುಳಿಯುವುದಿಲ್ಲ. ಕೊಯ್ದ ಬೆನ್ನಿಗೂ ಅಷ್ಟೇ ಮರ್ಯಾದೆ ಕೊಡೋಣ.