ಸೇನೆ ಓದಿಸುತ್ತದೆ, ಆದರೆ ಸುದ್ದಿ ಕುಂದಗೋಳಕ್ಕೆ ಮುಟ್ಟಬೇಕಲ್ಲ!

2016ರ ಫೆಬ್ರವರಿಯನ್ನು ನಮ್ಮ ಓದುಗರು ಮರೆತಿರಲಾರರು. ಆ ತಿಂಗಳ 3ರಂದು ಸಿಯಾಚಿನ್‌ನಲ್ಲಿ ಹಿಮ ಕುಸಿದು ಮದ್ರಾಸ್ ರೆಜಿಮೆಂಟಿನ 19ನೇ ಬೆಟಾಲಿಯನ್ನಿನ ಹತ್ತು ಮಂದಿ ಯೋಧರು ಹೂತುಹೋದರು. ಆರು ದಿನಗಳ ಬಳಿಕ ಒಬ್ಬರು ಇನ್ನೂ ಉಸಿರಾಡುತ್ತಿರುವುದು ಕಂಡುಬಂದಾಗ ದೇಶವೇ ಅವರಿಗಾಗಿ ಪ್ರಾರ್ಥಿಸಿತು. ಅವರು ಧಾರವಾಡ ಜಿಲ್ಲೆ ಕುಂದಗೋಳ ತಾಲೂಕಿನ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ. ಫೆಬ್ರವರಿ 11ರಂದು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ಅವರು ಕೊನೆಯುಸಿರೆಳೆದರು. ಬೆಟದೂರು ಎಂಬ ಹಳ್ಳಿಯ ಹೆಸರು ಕರಾವಳಿಯ ನಮಗೆಲ್ಲ ತಿಳಿದದ್ದು ಹಾಗೆ.

ಕುಂದಗೋಳ, ನವಲಗುಂದ, ಅಣ್ಣಿಗೇರಿ, ಕಲಘಟಗಿಯ ಕಡೆ ಸೇನೆಗೆ ಸೇರುವುದೆಂದರೆ ಸಾಮಾನ್ಯವಾಗಿ ಸಿಪಾಯಿಯಾಗುವುದು ಎಂದೇ ಅರ್ಥ. ಮುಂಜಾನೆ ರಸ್ತೆ ಬದಿಯಲ್ಲಿ ಓಡುವುದು, ಭರ್ತಿ ರ್‍ಯಾಲಿಗೆ ಹೋಗುವುದು. ಆದರೆ ಇದೇ ಸೇನೆಗೆ ಇನ್ನೊಂದು ಬಾಗಿಲು ಇದೆ. ಪಿಯುಸಿ ಮುಗಿಸಿದ ಹುಡುಗನನ್ನು ಆರಿಸಿ, ತನ್ನ ಖರ್ಚಿನಲ್ಲಿ ಇಂಜಿನಿಯರಿಂಗ್ ಓದಿಸಿ, ತಾಂತ್ರಿಕ ಅಧಿಕಾರಿಯಾಗಿ ಮಾಡುವ ಬಾಗಿಲು. ಇದರ ಹೆಸರು ಟೆಕ್ನಿಕಲ್ ಎಂಟ್ರಿ ಸ್ಕೀಮ್, ಚಿಕ್ಕದಾಗಿ ಟಿಇಎಸ್. ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಸೇರಿ ಶೇಕಡಾ 60 ಅಂಕ ಇರಬೇಕು, ವಯಸ್ಸು ಹದಿನಾರೂವರೆಯಿಂದ ಹತ್ತೊಂಬತ್ತೂವರೆ. ಒಟ್ಟು ನಾಲ್ಕು ವರ್ಷಗಳ ತರಬೇತಿ. ಮೊದಲ ಮೂರು ವರ್ಷ ಪುಣೆ, ಮಹೂ, ಸಿಕಂದರಾಬಾದಿನ ಸೇನಾ ಇಂಜಿನಿಯರಿಂಗ್ ಕಾಲೇಜುಗಳಲ್ಲಿ, ಕೊನೆಯ ವರ್ಷ ಡೆಹ್ರಾಡೂನಿನ ಮಿಲಿಟರಿ ಅಕಾಡೆಮಿಯಲ್ಲಿ. ಮೂರು ವರ್ಷ ಮುಗಿದ ಮೇಲೆ ತಿಂಗಳಿಗೆ 56,100 ರೂಪಾಯಿ ಸ್ಟೈಪೆಂಡ್. ಹೊರಬರುವಾಗ ಇಂಜಿನಿಯರಿಂಗ್ ಪದವಿ, ಲೆಫ್ಟಿನೆಂಟ್ ಹುದ್ದೆ.

ಇದನ್ನು ಅಗ್ನಿವೀರನ ಜೊತೆ ಇಟ್ಟು ನೋಡಿ. 2022ರ ಜೂನ್‌ನಲ್ಲಿ ಘೋಷಣೆಯಾದ ಅಗ್ನಿಪಥ ಯೋಜನೆಯ ಅವಧಿಯೂ ನಾಲ್ಕೇ ವರ್ಷ. ಮೊದಲ ವರ್ಷ ತಿಂಗಳಿಗೆ 30,000 ರೂಪಾಯಿ, ಅದರಲ್ಲಿ ಕೈಗೆ ಬರುವುದು 21,000. ನಾಲ್ಕು ವರ್ಷದ ಕೊನೆಗೆ ಶೇಕಡಾ 25ರಷ್ಟು ಮಂದಿಗೆ ಮಾತ್ರ ಸೇನೆಯಲ್ಲಿ ಮುಂದುವರಿಯುವ ಅವಕಾಶ, ಉಳಿದವರು ಸುಮಾರು 11.71 ಲಕ್ಷ ರೂಪಾಯಿ ಸೇವಾನಿಧಿ ಹಿಡಿದು ಊರಿಗೆ ಮರಳಬೇಕು, ಪಿಂಚಣಿ ಇಲ್ಲ. ವಿಜ್ಞಾನ ಓದಿ ಶೇಕಡಾ 65 ಅಂಕ ಪಡೆದ ನವಲಗುಂದದ ಒಬ್ಬ ಹುಡುಗ ಈ ಎರಡಕ್ಕೂ ಅರ್ಜಿ ಹಾಕಬಲ್ಲ. ಒಂದೇ ವಯಸ್ಸು, ಒಂದೇ ನಾಲ್ಕು ವರ್ಷ. ಆದರೆ ಅವನ ಕಿವಿಗೆ ಬೀಳುವುದು ಒಂದರ ಹೆಸರು ಮಾತ್ರ!

ಸುದ್ದಿ ಮುಟ್ಟಿದರೂ ದಾರಿ ಸಲೀಸಲ್ಲ. 2021ರ ಸುಮಾರಿಗೆ ಟಿಇಎಸ್‌ಗೆ ಜೆಇಇ ಮೇನ್ ಪರೀಕ್ಷೆ ಬರೆದಿರಬೇಕು ಎಂಬ ನಿಯಮ ಬಂತು. ಅದಕ್ಕೂ ಹಿಂದೆ ಪಿಯುಸಿ ಅಂಕವೇ ಸಾಕಾಗಿತ್ತು. ನಮ್ಮ ಹಳ್ಳಿಗಾಡಿನ ಮಕ್ಕಳು ಬರೆಯುವುದು ಸಿಇಟಿ. ಅದರಲ್ಲಿ ಗ್ರಾಮೀಣ ವಿದ್ಯಾರ್ಥಿಗಳಿಗೆ ಶೇಕಡಾ 15, ಕನ್ನಡ ಮಾಧ್ಯಮದವರಿಗೆ ಶೇಕಡಾ 5 ಮೀಸಲಾತಿ ಇದೆ, ಹಾಗಾಗಿ ಅಧ್ಯಾಪಕರೂ ಅದನ್ನೇ ಹೇಳುತ್ತಾರೆ. ಜೆಇಇ ಎಂದರೆ ಕೋಚಿಂಗ್, ಐಐಟಿ, ದೊಡ್ಡವರ ಮಕ್ಕಳು ಎಂಬ ಭಾವನೆ. ಧಾರವಾಡಕ್ಕೆ 2016ರಲ್ಲೇ ಐಐಟಿ ಬಂದಿದ್ದರೂ ಪಕ್ಕದ ತಾಲೂಕುಗಳಲ್ಲಿ ಈ ಭಾವನೆ ಬದಲಾದಂತೆ ಕಾಣುವುದಿಲ್ಲ. ಜೆಇಇ ಮೇನ್ ಪ್ರಶ್ನೆಪತ್ರಿಕೆ 2021ರಿಂದ ಕನ್ನಡದಲ್ಲೂ ಸಿಗುತ್ತದೆ ಎಂಬುದು ಎಷ್ಟು ಕಾಲೇಜುಗಳ ಸೂಚನಾ ಫಲಕದಲ್ಲಿದೆ?

ಮುಂದಿನ ಮೆಟ್ಟಿಲು ಎಸ್‌ಎಸ್‌ಬಿ. ಬೆಂಗಳೂರಿನ ಆಯ್ಕೆ ಕೇಂದ್ರದಂಥ ಕಡೆ ಐದು ದಿನ ನಡೆಯುವ ಪರೀಕ್ಷೆ ಇದು. ಅರವತ್ತು ಪದಗಳನ್ನು ಒಂದೊಂದಾಗಿ ತೋರಿಸುತ್ತಾರೆ, ಪ್ರತಿಯೊಂದಕ್ಕೂ ಹದಿನೈದು ಸೆಕೆಂಡಿನಲ್ಲಿ ಮನಸ್ಸಿಗೆ ಬಂದದ್ದನ್ನು ವಾಕ್ಯವಾಗಿ ಬರೆಯಬೇಕು. ಕನ್ನಡದಲ್ಲಿ ಯೋಚಿಸುವ ಹುಡುಗ ಆ ಪದವನ್ನು ಮೊದಲು ಮನಸ್ಸಿನಲ್ಲಿ ಕನ್ನಡಕ್ಕೆ ತಂದು, ಯೋಚಿಸಿ, ಮತ್ತೆ ಇಂಗ್ಲಿಷಿಗೆ ಒಯ್ಯುವಷ್ಟರಲ್ಲಿ ಮುಂದಿನ ಪದ ಬಂದಿರುತ್ತದೆ. ಗುಂಪು ಚರ್ಚೆಯಲ್ಲೂ ಅಷ್ಟೇ. ಅಳೆಯಬೇಕಾದದ್ದು ಅವನ ಧೈರ್ಯ, ನಾಯಕತ್ವ, ಆದರೆ ಅಳತೆಗೋಲಿನ ಒಂದು ಭಾಗ ಭಾಷೆಯನ್ನೇ ಅಳೆಯುತ್ತದೆ. ಅಗ್ನಿವೀರರ ಲಿಖಿತ ಪರೀಕ್ಷೆಯನ್ನು 2025ರಲ್ಲಿ ಕನ್ನಡವೂ ಸೇರಿ 13 ಭಾಷೆಗಳಲ್ಲಿ ನಡೆಸುವುದಾಗಿ ಸೇನೆಯೇ ಪ್ರಕಟಿಸಿತು. ಸಿಪಾಯಿಗೆ ಕನ್ನಡ, ಅಧಿಕಾರಿಗೆ ಇಂಗ್ಲಿಷ್ ಎಂದರೆ ಹೇಗೆ? ಅಧಿಕಾರಿಗೆ ಇಂಗ್ಲಿಷ್ ಬೇಕು ಎಂಬುದನ್ನು ನಾನೂ ಒಪ್ಪುತ್ತೇನೆ. ಆದರೆ ನಾಲ್ಕು ವರ್ಷದ ತರಬೇತಿಯಲ್ಲಿ ಸೇತುವೆ ಕಟ್ಟಲು ಕಲಿಸುವವರಿಗೆ ಇಂಗ್ಲಿಷ್ ಕಲಿಸುವುದು ಕಷ್ಟವೇ?

ಇಂಜಿನಿಯರಿಂಗ್ ಸೇರಿದವರಿಗೂ ದಾರಿ ಇದೆ. 2000ರ ದಶಕದಲ್ಲಿ ಯೂನಿವರ್ಸಿಟಿ ಎಂಟ್ರಿ ಸ್ಕೀಮ್ ಎಂಬುದಿತ್ತು. ಸೇನೆಯ ತಂಡಗಳು ಕಾಲೇಜುಗಳಿಗೇ ಬಂದು, ಕೊನೆಯ ವರ್ಷಕ್ಕೆ ಕಾಲಿಡುವ ಮುಂಚಿನ ವಿದ್ಯಾರ್ಥಿಗಳನ್ನು ಸಂದರ್ಶಿಸುತ್ತಿದ್ದವು. ಕೇಳಿ ಅರಿಯದ ಹುಡುಗನಿಗೂ ಸಮವಸ್ತ್ರದ ಅಧಿಕಾರಿಯೊಬ್ಬರು ಎದುರಿಗೆ ಕಾಣುತ್ತಿದ್ದರು, ಅದೇ ಅದರ ದೊಡ್ಡ ಗುಣ. ಈಗಿನ ಟೆಕ್ನಿಕಲ್ ಗ್ರಾಜುಯೇಟ್ ಕೋರ್ಸಿಗೆ ಅಂತಿಮ ವರ್ಷದವರು ವೆಬ್‌ಸೈಟಿನಲ್ಲಿ ಅರ್ಜಿ ಹಾಕಬೇಕು. ಲಿಖಿತ ಪರೀಕ್ಷೆ ಇಲ್ಲ, ಆರನೇ ಸೆಮಿಸ್ಟರಿನವರೆಗಿನ ಒಟ್ಟು ಅಂಕ ನೋಡಿ ಎಸ್‌ಎಸ್‌ಬಿಗೆ ಕರೆಯುತ್ತಾರೆ. ಕೇಳಲು ಸರಳ. ಆದರೆ ಕನ್ನಡ ಮಾಧ್ಯಮದಿಂದ ಬಂದ ವಿದ್ಯಾರ್ಥಿ ಎಡವುವುದು ಮೊದಲೆರಡು ಸೆಮಿಸ್ಟರುಗಳಲ್ಲೇ. ಐದು ಮತ್ತು ಆರರಲ್ಲಿ ಅವನು ಎಲ್ಲರ ಸಮಕ್ಕೆ ಬಂದಿದ್ದರೂ ಹಳೆಯ ಅಂಕ ಬೆನ್ನು ಬಿಡುವುದಿಲ್ಲ. ಹುಬ್ಬಳ್ಳಿ–ಧಾರವಾಡದಲ್ಲಿ ಒಳ್ಳೆಯ ಇಂಜಿನಿಯರಿಂಗ್ ಕಾಲೇಜುಗಳಿರುವುದರಿಂದ ಈ ಮಾತು ಅಲ್ಲಿಗೆ ಹೆಚ್ಚು ಅನ್ವಯ.

ಹೆಣ್ಣುಮಕ್ಕಳಿಗೆ ಟಿಇಎಸ್ ಇಲ್ಲ. ಅವರು ಪದವಿ ಮುಗಿಸಿ ಶಾರ್ಟ್ ಸರ್ವಿಸ್ ತಾಂತ್ರಿಕ ವಿಭಾಗಕ್ಕೆ ಸೇರಬಹುದು. ನೌಕಾಪಡೆಯ ಬಿ.ಟೆಕ್ ಪ್ರವೇಶ ಈಗ ಹುಡುಗಿಯರಿಗೂ ತೆರೆದಿದೆ. ಅದರ ಅಕಾಡೆಮಿ ಇರುವುದು ನಮ್ಮ ಕಾಸರಗೋಡಿನಿಂದ ದಕ್ಷಿಣಕ್ಕೆ ಸ್ವಲ್ಪವೇ ದೂರದ ಎಝಿಮಲದಲ್ಲಿ. ಅಲ್ಲಿಯೂ ಖರ್ಚೆಲ್ಲ ನೌಕಾಪಡೆಯದ್ದೇ, ಆದರೆ ಪಿಸಿಎಂನಲ್ಲಿ ಶೇಕಡಾ 70, ಇಂಗ್ಲಿಷಿನಲ್ಲಿ ಶೇಕಡಾ 50 ಬೇಕು, ಜೆಇಇ ರ್‍ಯಾಂಕ್ ನೋಡಿ ಕರೆಯುತ್ತಾರೆ. ಗಲ್ಫಿನ ಕಡೆ ಮುಖ ಮಾಡಿರುವ ನಮ್ಮ ಕರಾವಳಿಯ ಮಕ್ಕಳೂ ಇತ್ತ ನೋಡುವುದು ಕಡಿಮೆ ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ.

ಈ ದಾರಿಯನ್ನು ಉತ್ಪ್ರೇಕ್ಷೆ ಮಾಡುವುದೂ ತಪ್ಪು. ಟಿಇಎಸ್‌ನ ಒಂದು ತಂಡಕ್ಕೆ ಇಡೀ ದೇಶದಿಂದ ತೆಗೆದುಕೊಳ್ಳುವುದು 90ರಷ್ಟು ಮಂದಿಯನ್ನು ಮಾತ್ರ. ಸ್ವಂತ ಇಚ್ಛೆಯಿಂದ ಮಧ್ಯದಲ್ಲಿ ಬಿಟ್ಟುಬಂದರೆ ತರಬೇತಿಯ ವೆಚ್ಚ ವಾಪಸು ಕಟ್ಟಬೇಕು, ಮಳೆ ನಂಬಿದ ರೈತ ಕುಟುಂಬಕ್ಕೆ ಅದು ಸಣ್ಣ ಮಾತಲ್ಲ. ಸಹಿ ಹಾಕುವ ಮೊದಲು ತಂದೆತಾಯಿಗೆ ಇದನ್ನು ಕನ್ನಡದಲ್ಲಿ ಓದಿ ಹೇಳುವವರು ಬೇಕು.

ಜೆಇಇ ಜನವರಿ ಸುತ್ತಿನ ಅರ್ಜಿ ಕರೆಯುವುದು ಸಾಮಾನ್ಯವಾಗಿ ಅಕ್ಟೋಬರ್ ಕೊನೆಯಿಂದ ನವೆಂಬರ್ ಒಳಗೆ. ನವಲಗುಂದ, ಅಣ್ಣಿಗೇರಿಯ ಎರೆಹೊಲಗಳಲ್ಲಿ ಅದು ಹಿಂಗಾರಿ ಬಿತ್ತನೆ ಮುಗಿದು ಹತ್ತಿ ಬಿಡಿಸುವ ಕಾಲ. ಪಿಯುಸಿ ಎರಡನೇ ವರ್ಷದ ಹುಡುಗ ಹೊಲದಲ್ಲಿದ್ದಾನೆಯೋ, ಸೈಬರ್ ಕೆಫೆಯಲ್ಲಿದ್ದಾನೆಯೋ ಎಂಬುದು ಆ ನಾಲ್ಕು ವಾರಗಳಲ್ಲಿ ತೀರ್ಮಾನವಾಗಿಬಿಡುತ್ತದೆ.